ಗಡಗಿ ಮೊಸರು, ಮೂರನೇ ವಾರ: ಕಡೀಕ ಗಟ್ಟಿ ಆತು

ಬಾಗಲಕೋಟ್ಯಾಗ ಈ ವಾರ ಚಳಿ ಜಾಸ್ತಿ ಐತಿ, ಸೋಮವಾರ ರಾತ್ರಿ ಹಾಕಿದ ಹೆಪ್ಪು ಮುಂಜಾನೆ ನೋಡಿದ್ರ ಹತ್ತೇ ಇಲ್ಲ, ಗಡಗಿ ಓರೆ ಮಾಡಿದ್ರ ಹಾಲಿನಂಗ ಹರಿದು ಬರ್ತಿತ್ತು. ಖರೇನ ಬ್ಯಾಸರಾತು. ಮಂಗಳವಾರ ಥರ್ಮಾಮೀಟರ್ ಹಿಡಕೊಂಡ ಕುಂತೆ. ಎಮ್ಮಿ ಹಾಲು ಚಲೋತಂಗ ಕುದಿಸಿ, 42 ಡಿಗ್ರಿಗೆ ಆರಿಸಿ, ಲೀಟರಿಗೆ ಎರಡು ಚಮಚ ಹೆಪ್ಪು ಕಲಿಸಿ, ಗಡಗೀನ ಅವ್ವನ ಹಳೇ ಕೌದ್ಯಾಗ ಸುತ್ತಿ ಜ್ವಾಳದ ಚೀಲದ ನಡುವ ಇಟ್ಟೆ. ಮುಂಜಾನೆ ಐದೂವರಿಗೆ ಬಿಚ್ಚಿದ್ರ ಗಟ್ಟಿ ಮೊಸರು, ಮ್ಯಾಲೆ ಬೆಳ್ಳನ ದಪ್ಪ ಕೆನಿ, ಚಮಚ ಹಾಕಿ ತಗದ ಜಾಗಾದಾಗ ಸ್ವಲ್ಪ ಹೊತ್ತಿಗೆ ತಿಳಿನೀರು ಕೂಡಿತು. ಎಷ್ಟ ಖುಷಿ ಆತು ಅಂದ್ರ ಎಲ್ಲಾರನೂ ಎಬ್ಬಿಸಿ ತೋರ್ಸಿದೆ.

ಇದನ್ನ ಶುರು ಮಾಡಿದ್ದು ಅಪ್ಪನ ಸಲುವಾಗಿ. ಹೋದ ತಿಂಗಳ ಆಂಟಿಬಯಾಟಿಕ್ ಕೋರ್ಸ್ ತಗೊಂಡಾಗ ಅವರಿಗೆ ಲೂಸ್ ಮೋಷನ್ ಹತ್ತಿತ್ತು, ಆ ಗುಳಿಗಿ ರೋಗದ ಬ್ಯಾಕ್ಟೀರಿಯಾದ ಜೋಡಿ ಕರಳಿನ್ಯಾಗಿನ ಒಳ್ಳೇವನ್ನೂ ಕೊಲ್ಲತೈತಿ. ಡಾಕ್ಟ್ರು ಕೊಟ್ಟ ಪ್ರೋಬಯಾಟಿಕ್ (ಒಳ್ಳೇ ಸೂಕ್ಷ್ಮಜೀವಿ ಇರೋ) ಪುಡ್ಯಾಗ ಸ್ಯಾಕರೋಮೈಸಿಸ್ ಬೌಲಾರ್ಡಿ ಇತ್ತು, ಅದು ಯೀಸ್ಟ್, ಬ್ಯಾಕ್ಟೀರಿಯಾ ಅಲ್ಲ, ಹಂಗಾಗಿ ಆಂಟಿಬಯಾಟಿಕ್ ಅದಕ್ಕ ಏನೂ ಮಾಡಂಗಿಲ್ಲ. ಅವತ್ತಿಂದ ಓದಾಕ ಹತ್ತೀನಿ.

ಒಂದು ಮಾತ ಮಾತ್ರ ಸ್ಪಷ್ಟ ಇರಲಿ. 2001ರಾಗ ವಿಶ್ವಸಂಸ್ಥೆಯ ಆಹಾರ, ಆರೋಗ್ಯ ಸಂಸ್ಥೆಗಳಾದ ಎಫ್‌ಎಓ, ಡಬ್ಲ್ಯೂಎಚ್‌ಓ ಕೂಡಿ ಹೇಳಿದ ಪ್ರಕಾರ ಪ್ರೋಬಯಾಟಿಕ್ ಅನ್ನಬೇಕಂದ್ರ ಸೂಕ್ಷ್ಮಜೀವಿ ಜೀವಂತ ಇರಬೇಕು, ಸಾಕಷ್ಟು ಇರಬೇಕು, ಆರೋಗ್ಯಕ್ಕ ಲಾಭ ಆಗಬೇಕು. ನಮ್ಮ ಗಡಗ್ಯಾಗ ಜೀವಂತ ಬ್ಯಾಕ್ಟೀರಿಯಾ ಎಷ್ಟ ಅದಾವ ಅಂತ ಎಣಿಸಾಕ ಬರಂಗಿಲ್ಲ, ಅದಕ್ಕ ನಾ ಇದನ್ನ ಔಷಧಿ ಅನ್ನಂಗಿಲ್ಲ. ಆದ್ರ ಅಪ್ಪಗ ಹಾಲು ಕುಡಿದ್ರ ಹೊಟ್ಟಿ ಉಬ್ಬತೈತಿ, ಮೊಸರು ಉಂಡ್ರ ಇಲ್ಲ, ಯಾಕಂದ್ರ ಮೊಸರಿನ್ಯಾಗಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ (ಹಾಲಿನ್ಯಾಗಿನ ಸಕ್ಕರಿ) ಒಂದಿಷ್ಟು ತಾವ ತಿಂದಿರ್ತಾವ, ಉಳಿದದ್ದು ಕರಗಾಕೂ ಅವುಗಳ ಎನ್‌ಜೈಮ್ ನೆರವಾಗತೈತಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಾಗ ಯೋಗರ್ಟ್ ಬಗ್ಗೆ ಇದನ್ನ ಒಪ್ಪೇತಿ, ಆದ್ರ ಗ್ರಾಮಿಗೆ ಕಡಿಮಿ ಅಂದ್ರೂ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಅಂತ.

ಬುಧವಾರ ಅವ್ವ ಅಷ್ಟೂ ಮೊಸರು ಮಜ್ಜಿಗಿ ಸಾರಿಗೆ ತಗೊಂಡಿದ್ಲು. ಕುದಿಸಿದ್ರ ಎಲ್ಲಾ ಸಾಯ್ತಾವ, ಅಪ್ಪಗ ಒಂದ ವಾಟಗಾ ತಗದಿಡ ಅವ್ವಾ ಅಂದೆ. "ನಮ್ಮ ಹಿರ್ಯಾರು ಅಂಬಲಿ ಆರಿದ ಮ್ಯಾಲೇನ ಮಜ್ಜಿಗಿ ಹಾಕ್ತಿದ್ರಪ್ಪಾ" ಅಂದ್ಲು. ಗುರುವಾರದಿಂದ ಅಪ್ಪಗ ಮುಂಜಾನೆ ಅದನ್ನ ಕೊಡಾಕ ಹತ್ತೀವಿ, ಜ್ವಾಳದ ಅಂಬಲಿ ಪೂರಾ ತಣ್ಣಗ ಮಾಡಿ, ಮ್ಯಾಲೆ ಮಜ್ಜಿಗಿ, ಹೆಚ್ಚಿದ ಉಳ್ಳಾಗಡ್ಡಿ.

ನಾಳಿಗೆ ಹೆಪ್ಪು ತಗದಿಟ್ಟೀನಿ. ಇವತ್ತ ರಾತ್ರಿ 38 ಡಿಗ್ರಿಗೆ ಹಾಕ್ತೀನಿ, ಕೌದಿ ಒಂದ ಸಾಕಾಗತೈತೋ ಇಲ್ಲೋ ನೋಡ್ಬೇಕು.