ಕೋರ್ಸಿನ ನಡುವೆ ಒಂದು ಬೇಸಿಗೆ ಇದೆಯೇ?

ಶಿರಸಿ, 17 ಆಗಸ್ಟ್ 2025, ಭಾನುವಾರ

ಬೆಳಗಿನಿಂದ ಮಳೆ ಹಿಡಿದು ಕೂತಿದೆ. ಅಡಿಕೆಗೆ ಎರಡನೇ ಕೊಳೆಮದ್ದು ಹೊಡೆಯಲು ಹೊಳವಿಗೆ ಕಾಯುತ್ತಿರುವ ಮನೆಗಳಲ್ಲೇ ಬಿಕಾಂ ಮುಗಿಸಿದ ಮಕ್ಕಳು 2026ರ ಸೆಪ್ಟೆಂಬರಿಗೆ ಯುರೋಪಿನ ಫೈನಾನ್ಸ್ ಮಾಸ್ಟರ್ಸ್ ಹುಡುಕುತ್ತಿದ್ದಾರೆ. ಎಲ್ಲರ ಮೊಬೈಲಿನಲ್ಲೂ ರ‍್ಯಾಂಕಿಂಗ್ ಪಟ್ಟಿ. ನಮ್ಮ ಮಾತು ಇಷ್ಟೇ: ಯಾವ ಊರಲ್ಲಿ ಯಾವ ಕೆಲಸ ಬೇಕು ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಕೋರ್ಸಿಗೆ ಬನ್ನಿ.

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಬೇಕೆನ್ನುವವರಿಗೆ ಲಂಡನ್, ಪ್ಯಾರಿಸ್. ಲಂಡನ್ನಿನ ದೊಡ್ಡ ಬ್ಯಾಂಕುಗಳು ಹೊಸಬರನ್ನು ಬಹುಮಟ್ಟಿಗೆ ತಮ್ಮಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಮಾಡಿದವರಿಂದಲೇ ಆರಿಸುತ್ತವೆ. ಆ ಹತ್ತು ವಾರಗಳ ಇಂಟರ್ನ್‌ಶಿಪ್ಪಿಗೆ ಅರ್ಜಿ ಶುರುವಾಗುವುದು ಹಿಂದಿನ ವರ್ಷದ ಜುಲೈ–ಸೆಪ್ಟೆಂಬರಿನಲ್ಲಿ. ಹೀಗಾಗಿ ಒಂದು ವರ್ಷದ ಕೋರ್ಸಿಗೆ ಸೇರುವವರು ಸೂಟ್‌ಕೇಸ್ ಕಟ್ಟುವ ಹೊತ್ತಿಗೇ ಅರ್ಜಿಯನ್ನೂ ಹಾಕಿರಬೇಕು. ಆಗ ಬಯೋಡೇಟಾದಲ್ಲಿ ತೋರಿಸಲು ಇಲ್ಲಿನ ಒಂದಾದರೂ ಇಂಟರ್ನ್‌ಶಿಪ್ ಇರದಿದ್ದರೆ ದುಬಾರಿ ಫೀ ಕೊಟ್ಟೂ ಕೈ ಖಾಲಿ. ಕೆಲಸದ ಅನುಭವವಿಲ್ಲದವರಿಗೆ ಎರಡು ವರ್ಷದ ಕೋರ್ಸೇ ಮೇಲು. ಮಿಲಾನಿನ ಬೊಕೋನಿ, ಸ್ಟಾಕ್‌ಹೋಮ್ ಸ್ಕೂಲ್ ಆಫ್ ಎಕನಾಮಿಕ್ಸ್ ಇಂಥವು. ಮೊದಲ ವರ್ಷದ ಕೊನೆಗೆ ಒಂದು ಇಡೀ ಬೇಸಿಗೆ ಸಿಗುತ್ತದೆ. ಫ್ರಾನ್ಸಿನಲ್ಲಿ ಇಂಟರ್ನ್‌ಶಿಪ್ಪಿಗೆ ಕಾಲೇಜು, ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಹಾಕಿದ ‘ಕೊನ್ವೆನ್ಸಿಯೋಂ’ ಎಂಬ ಒಪ್ಪಂದಪತ್ರ ಕಡ್ಡಾಯ. ವಿದ್ಯಾರ್ಥಿಯಾಗಿ ನೋಂದಣಿ ಇರುವ ತನಕ ಮಾತ್ರ ಅದು ಸಿಗುವುದರಿಂದ, ಕೋರ್ಸಿನ ಕೊನೆಗೆ ಆರು ತಿಂಗಳ ಇಂಟರ್ನ್‌ಶಿಪ್ ಸೇರಿದೆಯೇ ಎಂದು ಪ್ರವೇಶ ಕಚೇರಿಗೆ ಬರೆದು ಕೇಳಿ. ಕೇಂಬ್ರಿಜ್‌ನ ಎಂಫಿನ್ (ಮಾಸ್ಟರ್ ಆಫ್ ಫೈನಾನ್ಸ್) ಹೊಸಬರಿಗಲ್ಲ, ಎರಡು ವರ್ಷದ ಕೆಲಸ ಕೇಳುತ್ತದೆ.

ಗಣಿತ ಗಟ್ಟಿಯಿದ್ದು ಟ್ರೇಡಿಂಗ್ ಬೇಕೆಂದರೆ ಆಮ್‌ಸ್ಟರ್‌ಡ್ಯಾಮ್. ಆಪ್ಟಿವರ್, ಐಎಂಸಿ ಎಂಬ ಟ್ರೇಡಿಂಗ್ ಕಂಪನಿಗಳೆರಡೂ ಅಲ್ಲಿನವೇ, ಕೆಲಸ ಇಂಗ್ಲಿಷಿನಲ್ಲಿ. ಫಂಡ್ ಲೆಕ್ಕಪತ್ರಕ್ಕೆ ಲಕ್ಸೆಂಬರ್ಗ್, ಡಬ್ಲಿನ್. ಫ್ರಾಂಕ್‌ಫರ್ಟಿಗೆ ಹೋಗುವವರು ಕೋರ್ಸು ಇಂಗ್ಲಿಷಿನಲ್ಲಿದೆ ಎಂದು ನಿಶ್ಚಿಂತರಾಗಬಾರದು; ಜರ್ಮನ್ ಗಿರಾಕಿಗಳ ಜೊತೆ ಮಾತಾಡುವ ಹುದ್ದೆಗೆ ಬಿ2 ಮಟ್ಟದ (ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು) ಭಾಷೆಯಾದರೂ ಬೇಕು. ಇವತ್ತೇ ಮೊದಲ ಮೆಟ್ಟಿಲಾದ ಎ1 ಶುರು ಮಾಡಿದರೂ ಅಲ್ಲಿಗೆ ಮುಟ್ಟಲು ವರ್ಷ ಬೇಕಾದೀತು.

ಜರ್ಮನಿ ಎಂದ ಮೇಲೆ ಅಂಕದ ಲೆಕ್ಕ ಹೇಳಲೇಬೇಕು. ಅಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ; ಅದನ್ನು, ಗರಿಷ್ಠದಿಂದ ಕನಿಷ್ಠ ಪಾಸು ಅಂಕ ಕಳೆದು ಉಳಿದದ್ದರಿಂದ ಭಾಗಿಸಿ; ಮೂರರಿಂದ ಗುಣಿಸಿ ಒಂದು ಕೂಡಿಸಿ. ಶೇ. 68 ಬಂದಿದ್ದು ಪಾಸು ಅಂಕ 40 ಇದ್ದರೆ 32ನ್ನು 60ರಿಂದ ಭಾಗಿಸಬೇಕು, ಉತ್ತರ 2.60. ಪಾಸು ಅಂಕ 35 ಇದ್ದರೆ ಅದೇ 68ಕ್ಕೆ 2.48. ಕೋರ್ಸಿನ ಗಡಿ 2.5 ಇದ್ದಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಆದ್ದರಿಂದ ಕನಿಷ್ಠ ಪಾಸು ಅಂಕ ಎಷ್ಟೆಂಬುದು ವಿಶ್ವವಿದ್ಯಾಲಯ ಕೊಡುವ ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿನಲ್ಲೇ ಅಚ್ಚಾಗಿರುವಂತೆ ನೋಡಿಕೊಳ್ಳಿ. ಜೊತೆಗೆ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಜರ್ಮನ್ ಕಚೇರಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಕಡ್ಡಾಯ, ಶುಲ್ಕ ₹18,000, ಕಾಗದಪತ್ರ ದೆಹಲಿಗೆ ಹೋಗಬೇಕು. ನಮ್ಮ ಕಡೆ ಇಲ್ಲೊಂದು ಮಾಮೂಲಿ ತೊಡಕು: ಹೆಗಡೆ, ಭಟ್ಟ, ನಾಯ್ಕ ಎಂಬ ಹೆಸರುಗಳ ಇಂಗ್ಲಿಷ್ ಅಕ್ಷರ ಪಾಸ್‌ಪೋರ್ಟಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು. ಮೊದಲು ಅದನ್ನು ಸರಿಪಡಿಸಿ.

ಇನ್ನು ದುಡ್ಡು. ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. ಮೂರೆಕರೆ ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋದರೆ ಸಾಲ ಸಿಗುತ್ತದೆಂಬ ನಂಬಿಕೆ. ಬೆಳೆಸಾಲಕ್ಕೆ ಸರಿ; ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಬೇಕು, ಅದಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಒಪ್ಪುವುದು ಕಡಿಮೆ. ಕಾರಣ 2002ರ ಸರ್ಫೇಸಿ ಕಾಯ್ದೆ: ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರ ಕೊಡುವ ಆ ಕಾಯ್ದೆಯಿಂದ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಸೊಪ್ಪಿನ ಬೆಟ್ಟದ ಮಾತಂತೂ ಬೇಡ; ಸೊಪ್ಪು ತರುವ ಹಕ್ಕು ನಮ್ಮದು, ನೆಲ ಅರಣ್ಯದ್ದು. ಎನ್.ಎ. (ಕೃಷಿಯೇತರ) ಆದ ನಿವೇಶನ, ಪೇಟೆಯ ಮನೆ, ಠೇವಣಿ, ಎಲ್ಐಸಿ ಪಾಲಿಸಿ ಇವು ನಡೆಯುತ್ತವೆ. ಭೂಪರಿವರ್ತನೆಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಆಫರ್ ಲೆಟರ್ ಬಂದ ಮೇಲೆ ಓಡಾಡಿದರೆ ಕೆಲಸವಾಗದು.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಫೀ ಇಲ್ಲ (ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ), ಆದರೆ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ಎಂದು ತೆಗೆಯಬಹುದಾದ ಖಾತೆ) 11,904 ಯೂರೋ ಇಡಬೇಕು. ಯೂರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಬ್ರಿಟನ್ನಿಗಾದರೆ ಫೀ ಬಿಟ್ಟು ಲಂಡನ್ ವಾಸಕ್ಕೆ ಒಂಬತ್ತು ತಿಂಗಳ ಹಣ ತೋರಿಸಬೇಕು; 2025ರ ಆಗಸ್ಟಿನಲ್ಲಿ ಅದು ತಿಂಗಳಿಗೆ 1,483 ಪೌಂಡ್ ಇತ್ತು. ಅಡಿಕೆ ಮಾರಿದ ಹಣವನ್ನು ಇದಕ್ಕೆ ತೋರಿಸುವವರು ದಿನ ಎಣಿಸಿ: ಖಾತೆಯಲ್ಲಿ ಅದು ಸತತ 28 ದಿನ ಇರಬೇಕು. ನಡುವೆ ಒಂದೇ ದಿನ, ಕೂಲಿ ಕೊಡಲೆಂದು ತೆಗೆದು ಕೆಳಗಿಳಿದರೂ ವೀಸಾ ತಿರಸ್ಕಾರವಾಗಬಹುದು.

ಓದು ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ, ನೆದರ್ಲೆಂಡ್ಸ್ ಒಂದು ವರ್ಷ, ಸ್ವಿಟ್ಜರ್ಲೆಂಡ್ ಆರೇ ತಿಂಗಳು. ಅಲ್ಲಿನ ಸೇಂಟ್ ಗಾಲೆನ್ ವಿಶ್ವವಿದ್ಯಾಲಯ ಎಷ್ಟೇ ಒಳ್ಳೆಯದಿದ್ದರೂ ಈ ಆರು ತಿಂಗಳನ್ನು ಮರೆಯಬೇಡಿ. ಬ್ರಿಟನ್ನಿನಲ್ಲಿ 2026ರ ಕೊನೆಯೊಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ. 2025ರ ಮೇ ತಿಂಗಳ ಶ್ವೇತಪತ್ರದ ಪ್ರಸ್ತಾಪದಂತೆ 2027ರ ಜನವರಿಯಿಂದ ಅದು 18 ತಿಂಗಳು. 2026ಕ್ಕೆ ಹೋಗುವವರು 18 ಎಂದೇ ಲೆಕ್ಕ ಹಾಕಿ.

ಪ್ರವೇಶ ಪರೀಕ್ಷೆ ಜಿಮ್ಯಾಟ್ ಅಕ್ಟೋಬರಿನೊಳಗೆ ಮುಗಿಯಲಿ. ಹೊಸ ಪರೀಕ್ಷೆಯ 645 ಹಳೆಯ 700ಕ್ಕೆ ಸಮ, ಹಳೆಯ ಪಟ್ಟಿಗಳನ್ನು ನೋಡಿ ಗಾಬರಿ ಬೇಡ. ಚೌತಿಗೆ ಹತ್ತೇ ದಿನ ಉಳಿದಿದೆ. ಧಾರವಾಡದ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಈ ವಾರವೇ ಹೋಗಬೇಕು.