ಹಳೆಯ ಬಲೆಯ ಪರವಾಗಿ

ನದಿಯ ಮೀನುಗಳ ದೀರ್ಘಕಾಲದ ಸಮೀಕ್ಷೆಗೆ ಸೇರಿದ ಹೊಸದರಲ್ಲಿ ನನಗೆ ಕಿರಿಕಿರಿ ತರುತ್ತಿದ್ದುದು ಅದರ ಹಟಮಾರಿತನ. ಪ್ರತಿ ವರ್ಷ ಅದೇ ತಿಂಗಳು, ಅದೇ ತಿರುವು, ಅಷ್ಟೇ ಉದ್ದದ ಬಲೆ. ಸಂಜೆ ಇಳಿಸಬೇಕು, ಬೆಳಗಿನ ಜಾವ ಎತ್ತಬೇಕು. ಕೂಗಳತೆಯಲ್ಲೇ ಮೀನು ಚಿಮ್ಮುವ ಮಡುವಿದ್ದರೂ ಅತ್ತ ಸುಳಿಯುವಂತಿಲ್ಲ.

ಆ ಬೆಳಿಗ್ಗೆ ಬಲೆಗೆ ಬಿದ್ದಿದ್ದು ಬೆರಳೆಣಿಕೆಯ ಮೀನು. ಜೀವವಿದ್ದವನ್ನು ಮೊದಲು ಬಿಡಿಸಿ ನೀರಿನ ತೊಟ್ಟಿಗೆ ಹಾಕಿದೆವು. ಮುಟ್ಟುವುದಾದರೆ ಒದ್ದೆ ಕೈಯಲ್ಲೇ ಮುಟ್ಟಬೇಕು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕಿಗೆ ದಾರಿಯಾಗುತ್ತದೆ. ಮೂತಿಯಿಂದ ಬಾಲದ ಕವಲಿನವರೆಗೆ ಅಳತೆ, ಆಮೇಲೆ ತೂಕ, ಕೊನೆಗೆ ಮೊಂಡು ಚಾಕುವಿನಿಂದ ಬೆನ್ನಿನ ರೆಕ್ಕೆಯ ಕೆಳಗಿನ ನಾಲ್ಕೈದು ಹುರುಪೆ. ಸೂಕ್ಷ್ಮದರ್ಶಕದಡಿ ಹುರುಪೆ ಮರದ ಕಾಂಡದಂತೆ ಉಂಗುರ ತೋರಿಸುತ್ತದೆ: ಚೆನ್ನಾಗಿ ಬೆಳೆದ ಕಾಲದಲ್ಲಿ ಗೆರೆಗಳು ದೂರ ದೂರ, ಬೆಳವಣಿಗೆ ಕುಂಠಿತವಾದಾಗ ಒತ್ತೊತ್ತಾಗಿ. ಒಟ್ಟು ಎಣಿಕೆಗಿಂತ ಈ ಉಂಗುರಗಳನ್ನೇ ನಾನು ಹೆಚ್ಚು ನಂಬುತ್ತೇನೆ. ಎಣಿಕೆ ವರ್ಷದಿಂದ ವರ್ಷಕ್ಕೆ ಹಾಗೆಯೇ ಇರಬಹುದು. ಆದರೆ ಬರುವುದೆಲ್ಲ ಮುದಿ ಮೀನುಗಳೇ ಆದರೆ ಮೊಟ್ಟೆ, ಮರಿಗಳ ಹಂತದಲ್ಲೇ ಎಲ್ಲೋ ತೊಡಕಿದೆ ಎಂದು ಅನುಮಾನಿಸಬೇಕು. ಅಥವಾ ಮರಿಗಳು ಬಲೆಯ ಕಣ್ಣಿನಿಂದ ನುಸುಳಿ ಹೋಗುತ್ತಿವೆಯೋ? ಈ ಗೊಂದಲ ತಪ್ಪಿಸಲೆಂದೇ ಒಂದೇ ಬಲೆಯಲ್ಲಿ ಸಣ್ಣ, ದೊಡ್ಡ ಕಣ್ಣುಗಳ ಪಟ್ಟಿಗಳನ್ನು ಜೋಡಿಸಿರುತ್ತಾರೆ.

ಜಗಳ ಶುರುವಾಗಿದ್ದು ಇದಾದ ಮೇಲೆ. ನಮ್ಮದು ಹುರಿ ಹೊಸೆದ ದಾರದ ಹಳೆಯ ಬಲೆ, ಅಲ್ಲಲ್ಲಿ ತೇಪೆ ಹಾಕಿದ್ದು. ಒಂಟಿ ಎಳೆಯ ನೈಲಾನ್ ಬಲೆ ತರೋಣ ಎಂದರು ಕಿರಿಯ ಸಹೋದ್ಯೋಗಿ. ಅದು ನೀರಿನಲ್ಲಿ ಅಷ್ಟಾಗಿ ಕಾಣಿಸದು, ಮೀನು ಹೆಚ್ಚು ಬೀಳುತ್ತದೆ. ನಿಜವೇ. ನನ್ನ ತಕರಾರು ಇದ್ದದ್ದೂ ಅದಕ್ಕೇ. ಮುಂದಿನ ವರ್ಷ ಎಣಿಕೆ ದುಪ್ಪಟ್ಟಾದರೆ ಹೆಚ್ಚಿದ್ದು ಮೀನೋ ಬಲೆಯ ಚುರುಕೋ ಎಂದು ಹೇಳುವವರು ಯಾರು? ನಾವು ಬಂದಿರುವುದು ಜಾಸ್ತಿ ಮೀನು ಹಿಡಿಯಲಿಕ್ಕಲ್ಲ, ಹಿಂದಿನವರಷ್ಟೇ ಅಸಮರ್ಥರಾಗಿ ಹಿಡಿಯಲಿಕ್ಕೆ.

ಮೀನು ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲೇ ಎಚ್ಚರಿಸಿದ್ದರು: ಪ್ರತಿ ತಲೆಮಾರೂ ತಾನು ಕೆಲಸ ಆರಂಭಿಸಿದಾಗ ಕಂಡ ಮೀನಿನ ರಾಶಿಯನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ, ಹಾಗಾಗಿ ಅದಕ್ಕೂ ಮೊದಲು ಆದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ನೆನಪನ್ನು ನೆಚ್ಚುವಂತಿಲ್ಲ ಎಂದಮೇಲೆ ಉಳಿಯುವುದು ದಾಖಲೆ ಪುಸ್ತಕ. ಬರಿಗೈಯಲ್ಲಿ ಮರಳಿದ ರಾತ್ರಿಗೂ ಅದರಲ್ಲಿ ಒಂದು ಸೊನ್ನೆ ಬೀಳಲೇಬೇಕು.

ಎರಡೂ ಬಲೆಗಳನ್ನು ಕೆಲವು ವರ್ಷ ಜೊತೆಜೊತೆಗೆ ಇಳಿಸಿ, ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಇರುವ ಅನುಪಾತ ಕಂಡುಕೊಳ್ಳುವುದೆಂದು ಕೊನೆಗೆ ಒಪ್ಪಿದೆವು. ಎಷ್ಟು ವರ್ಷ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವರು ಎರಡು ಸಾಕು ಎನ್ನುತ್ತಾರೆ. ನೀರು ತುಂಬಿದ ವರ್ಷವೂ ಬತ್ತಿದ ವರ್ಷವೂ ಲೆಕ್ಕಕ್ಕೆ ಸಿಗಬೇಕಾದರೆ ಐದಕ್ಕಿಂತ ಕಡಿಮೆ ಆಗದು ಎಂದು ನಾನು.