ದಾವಣಗೆರೆಯಿಂದ ಐರನ್ ಮೇಡನ್ ನೋಡೋಕೆ

ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡು ಬೆಂಗಳೂರಿಗೆ ಬರ್ತಿದೆ ಅಂತ ಗಿರೀಶ ಹಾಸ್ಟೆಲ್ ಕಾರಿಡಾರಿನಲ್ಲಿ ಕೂಗಿಕೊಂಡು ಬಂದಾಗ ನಾನು ನಂಬಲೇ ಇಲ್ಲ. ರಾಕ್ ಗಾಯಕ ರೋಜರ್ ವಾಟರ್ಸ್ 2002ರಲ್ಲಿ ಬಂದಿದ್ದರು, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು 2003ರಲ್ಲಿ. ನಾವಾಗ ಇನ್ನೂ ಚಿಕ್ಕವರು, ಪೇಪರಿನಲ್ಲಿ ಫೋಟೋ ನೋಡಿದ್ದಷ್ಟೇ. ಆದರೆ ಹೆವಿ ಮೆಟಲ್, ಅಂದರೆ ಅಬ್ಬರದ ರಾಕ್ ನುಡಿಸುವ ಇಷ್ಟು ದೊಡ್ಡ ಬ್ಯಾಂಡು ಭಾರತಕ್ಕೆ ಬರೋದು ಅದೇ ಮೊದಲು. ಅದೂ ಹಳೇ ಹೆಸರು ಮಾರಿಕೊಂಡು ತಿರುಗುವವರಲ್ಲ, 2006ರಲ್ಲಷ್ಟೇ ಹೊಸ ಆಲ್ಬಂ ತಂದವರು. ದಿನ 2007ರ ಮಾರ್ಚ್ 17, ಶನಿವಾರ. ಜಾಗ ಪ್ಯಾಲೆಸ್ ಗ್ರೌಂಡ್ಸ್. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಮುಂದಿನ ವಾರವೇ ಇದ್ದವು, ಆ ವಿಷಯ ಯಾರೂ ಎತ್ತಲಿಲ್ಲ.

ಈ ಬ್ಯಾಂಡು ನಮಗೆ ಯಾಕಷ್ಟು ಹಚ್ಚಿಕೊಂಡಿತ್ತು ಅಂತ ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಲೆಕ್ಚರರ್ ಜೋಕ್ ಹೇಳಿದರೆ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದೆ. ಬೆಂಗಳೂರಿನ ಒಬ್ಬ ಸೀನಿಯರ್ ಒಂದು ಎಂಪಿ3 ಸಿ.ಡಿ. ಕೊಟ್ಟ. ಮೊದಲು ಬರೀ ಗದ್ದಲ ಅನ್ನಿಸಿತು. ಆಮೇಲೆ ಸೈಬರ್ ಸೆಂಟರಿಗೆ ಹೋಗಿ ಹಾಡಿನ ಸಾಲುಗಳ ಪ್ರಿಂಟ್ ತೆಗೆಸಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕೇಳೋಕೆ ಶುರು ಮಾಡಿದೆ. ಒಂದರಲ್ಲಿ ನೇಣಿಗೆ ಕಾಯುತ್ತಿರುವ ಕೈದಿ, ಇನ್ನೊಂದರಲ್ಲಿ ಅಲೆಕ್ಸಾಂಡರನ ದಂಡಯಾತ್ರೆ, ಮತ್ತೊಂದು ಕೋಲ್‌ರಿಡ್ಜ್ ಕವಿಯ ನಾವಿಕನ ಕಥೆ, ಅದೇ ಹದಿಮೂರು ನಿಮಿಷದ ಮೇಲಿದೆ. ಪ್ರೇಮ-ವಿರಹದ ಗೋಳು ತೀರಾ ಕಡಿಮೆ. ನನ್ನ ಇಂಗ್ಲಿಷ್ ಅಲ್ಲಿಂದ ಬಂತು, ಗಿರೀಶ ಮತ್ತು ಮಂಜನ ಸ್ನೇಹವೂ ಅಲ್ಲಿಂದಲೇ. ಇಡೀ ಹಾಸ್ಟೆಲಿನಲ್ಲಿ ಈ ಹಾಡು ಕೇಳುವವರು ನಾವು ಮೂರೇ ಜನ. ಉಳಿದವರು ನಮ್ಮ ರೂಮಿನ ಬಾಗಿಲು ಒದ್ದು ‘ಲೇ, ಸೌಂಡ್ ಕಮ್ಮಿ ಮಾಡ್ರಲೇ’ ಅನ್ನುತ್ತಿದ್ದರು.

ಶುಕ್ರವಾರ ರಾತ್ರಿ ರೈಲಿನ ಜನರಲ್ ಡಬ್ಬಿ ಹತ್ತಿದೆವು. ಮೂವರೂ ಕಪ್ಪು ಟೀಶರ್ಟು. ಎದುರಿಗೆ ಕೂತ ಅಜ್ಜ ಒಬ್ಬರು ಚಿಕ್ಕಜಾಜೂರು ದಾಟುವವರೆಗೆ ನಮ್ಮನ್ನೇ ನೋಡಿ, ಕೊನೆಗೆ ಕೇಳಿದರು.

‘ಏನ್ ತಮ್ಮಾ, ಮಲೆಗೆ ಹೊಂಟೀರೇನು? ಸೀಸನ್ ಮುಗೀತಲ್ಲ?’

ಇಲ್ಲ ಅಜ್ಜ, ಹಾಡು ಕೇಳೋಕೆ ಅಂದ ಮಂಜ. ಅಜ್ಜ ಅವನ ಎದೆ ಮೇಲಿದ್ದ ಎಡ್ಡಿಯ ಚಿತ್ರವನ್ನು ಬಗ್ಗಿ ನೋಡಿದರು. ಎಡ್ಡಿ ಅಂದರೆ ಈ ಬ್ಯಾಂಡಿನ ಗುರುತು, ಚರ್ಮ ಸುಲಿದ ಅಸ್ಥಿಪಂಜರದಂಥ ಮುಖ. ‘ಇವನು ಹಾಡ್ತಾನಾ?’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಹೊದ್ದುಕೊಂಡು ಮಲಗಿದರು.

ಮೆಜೆಸ್ಟಿಕ್‌ವರೆಗೆ ಹೋಗದೆ ಯಶವಂತಪುರದಲ್ಲೇ ಇಳಿಯಿರಿ, ಪ್ಯಾಲೆಸ್ ಗ್ರೌಂಡ್ಸಿಗೆ ಅದೇ ಹತ್ತಿರ. ಬೆಳಗ್ಗೆ ತಿಂದ ದೋಸೆ ಬಗ್ಗೆ ಜಾಸ್ತಿ ಹೇಳಲ್ಲ. ಬೆಣ್ಣೆ ದೋಸೆಯ ಊರಿನವರು ಬೇರೆ ಕಡೆ ದೋಸೆ ತಿನ್ನಲೇಬಾರದು, ಅದು ನಮ್ಮ ಕರ್ಮ. ಅಲ್ಲಿಂದ ಮಧ್ಯಾಹ್ನದವರೆಗೆ ಏನು ಮಾಡಿದೆವೋ ನೆನಪಿಲ್ಲ. ನೆನಪಿರೋದು ಕ್ಯೂ.

ಮೇಖ್ರಿ ಸರ್ಕಲ್ ಕಡೆಯಿಂದ ನಡೆದು ಬರುವಾಗಲೇ ಕಪ್ಪು ಬಟ್ಟೆಯವರು ಕಾಣಿಸತೊಡಗಿದರು. ಮೊದಲು ನಾಲ್ಕೈದು ಜನ, ಆಮೇಲೆ ಫುಟ್‌ಪಾತ್ ತುಂಬ, ಗೇಟ್ ಹತ್ತಿರ ಬಂದರೆ ಕಣ್ಣು ಹಾಯುವವರೆಗೆ ಕಪ್ಪೇ ಕಪ್ಪು. ನಾವು ಮೂವರೂ ಮಾತು ನಿಲ್ಲಿಸಿದೆವು. ಅಷ್ಟು ದಿನ ಇದು ನಮ್ಮ ಮೂವರ ಹುಚ್ಚು ಅಂದುಕೊಂಡು ಒಂದು ರೀತಿ ಜಂಭದಲ್ಲೇ ಇದ್ದವರು ನಾವು. ಇಲ್ಲಿ ನೋಡಿದರೆ ಚೆನ್ನೈನವರು, ಕೇರಳದವರು, ಕೋಲ್ಕತ್ತದವರು, ಈಶಾನ್ಯದವರಂತೂ ಲೆಕ್ಕವಿಲ್ಲ.

ನಮ್ಮ ಹಿಂದೆ ನಿಂತವನು ಶಿಲ್ಲಾಂಗಿನ ಹುಡುಗ. ಬಸ್ಸಿನಲ್ಲಿ ಗುವಾಹಟಿಗೆ ಬಂದು, ಅಲ್ಲಿಂದ ಮೂರು ರಾತ್ರಿ ರೈಲಿನಲ್ಲಿ ಕಳೆದು ಬಂದಿದ್ದ. ಅವನ ಹಿಂದಿಯೂ ಹರಕು, ನನ್ನದೂ ಹರಕು. ಇಬ್ಬರೂ ಇಂಗ್ಲಿಷಿಗೆ ಬಂದೆವು. ಒಂದು ಗಂಟೆ ಮಾತಾಡಿದ ಮೇಲೆ ಹೊಳೆಯಿತು, ನಾನು ತಡವರಿಸದೆ ಇಂಗ್ಲಿಷ್ ಮಾತಾಡುತ್ತಿದ್ದೇನೆ ಅಂತ. ಕ್ಲಾಸಿನಲ್ಲಿ ಎದ್ದು ನಿಂತರೆ ನಾಲಗೆ ಒಣಗುತ್ತಿದ್ದವನು ನಾನು.

ಅವನು ಗಿಟಾರ್ ನುಡಿಸ್ತಾನಂತೆ, ಎಲ್ಲಿ ಕಲಿತೆ ಅಂದೆ. ಚರ್ಚಿನಲ್ಲಿ ಅಂದ. ಭಾನುವಾರ ಬೆಳಗ್ಗೆ ದೇವರ ಹಾಡು, ಸಂಜೆ ಗೆಳೆಯನ ಮನೆಯಲ್ಲಿ ಇದು. ಅವನ ಅತ್ತೆಗೆ ಈ ಬ್ಯಾಂಡಿನ ಹೆಸರೆತ್ತಿದರೆ ಆಗದಂತೆ. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಂ ಸೈತಾನನದ್ದು ಅಂತ ಅಮೆರಿಕದಲ್ಲಿ ಕೆಲವರು ರೆಕಾರ್ಡುಗಳನ್ನೇ ಸುಟ್ಟಿದ್ದರಲ್ಲ, ಆ ಸುದ್ದಿ ಇಷ್ಟು ವರ್ಷಗಳಾದ ಮೇಲೂ ಅತ್ತೆಯ ಕಿವಿಗೆ ಹೇಗೋ ಬಿದ್ದಿತ್ತು. ನಮ್ಮಮ್ಮನ ಕಥೆ ಹೇಳಿದೆ. ರಜೆಯಲ್ಲಿ ಮನೆಯ ಗೋಡೆಗೆ ಎಡ್ಡಿಯ ಪೋಸ್ಟರ್ ಅಂಟಿಸಿದ್ದೆ. ‘ಇದ್ಯಾವ ಪಿಶಾಚಿನೋ’ ಅಂದರೇ ಹೊರತು ಅಮ್ಮ ಕೀಳಲಿಲ್ಲ. ಶುಕ್ರವಾರ ಲಕ್ಷ್ಮಿ ಪೂಜೆ ಹೊತ್ತಿಗೆ ಮಾತ್ರ ಅದರ ಮೇಲೆ ಒಂದು ಟವೆಲ್ ಹಾಕಿ, ಮಂಗಳಾರತಿ ಆದ ಮೇಲೆ ತೆಗೆಯುತ್ತಿದ್ದರು. ಅವನು ನಕ್ಕು ನಕ್ಕು ಮುಂದೆ ನಿಂತವನ ಬೆನ್ನ ಮೇಲೆ ಬಿದ್ದ.

ಅವರ ಊರಿನಲ್ಲಿ ಲೂ ಮಾಜಾ ಅನ್ನೋ ಗಾಯಕ 1972ರಿಂದ ಪ್ರತಿ ಮೇ 24ಕ್ಕೆ ಅಮೆರಿಕದ ಗಾಯಕ ಬಾಬ್ ಡಿಲನ್ ಹುಟ್ಟುಹಬ್ಬ ಅಂತ ಹಾಡುತ್ತಾ ಬಂದಿದ್ದಾರಂತೆ. ನಿಮ್ಮ ದಾವಣಗೆರೆಯಲ್ಲಿ ಏನಿದೆ ಅಂತ ಕೇಳಿದ. ಸ್ವಲ್ಪ ಯೋಚಿಸಿ ದೋಸೆ ಅಂದೆ. ಪಾಪ, ಅದನ್ನೂ ಅವನು ಗಂಭೀರವಾಗೇ ಕೇಳಿಸಿಕೊಂಡ. ಬೆಣ್ಣೆ ಹಿಟ್ಟಿಗೆ ಹಾಕ್ತಾರಾ, ಕಾವಲಿಗೆ ಹಾಕ್ತಾರಾ ಅಂತೆಲ್ಲ ವಿಚಾರಿಸಿದ.

ಇನ್ನು ಬೆಲ್ಟಿನ ವಿಷಯ. ಇಂಥ ಶೋಗೆ ಹೋಗುವವರು ದಯವಿಟ್ಟು ಬೆಲ್ಟ್ ಹಾಕಿಕೊಂಡು ಹೋಗಬೇಡಿ. ಗೇಟಿನಲ್ಲಿ ತಪಾಸಣೆಯವರು ಬೆಲ್ಟು, ಲೈಟರು, ನೀರಿನ ಬಾಟಲಿ, ಕೊನೆಗೆ ಚಿಲ್ಲರೆ ಕಾಸನ್ನೂ ಬಿಡಲಿಲ್ಲ. ಬೆಲ್ಟುಗಳನ್ನು ಒಂದು ಮೂಲೆಗೆ ಎಸೆಯುತ್ತಿದ್ದರು, ಅಲ್ಲಿ ಹಾವಿನ ಹುತ್ತ ಒಡೆದಂತೆ ರಾಶಿ ಬಿದ್ದಿತ್ತು. ಟೋಕನ್ ಕೊಡಿ ಅಂದರೆ ಆಮೇಲೆ ಬಂದು ಹುಡುಕಿಕೊಳ್ಳಿ ಅಂದರು. ಆಮೇಲೆ ಬಂದಾಗ ರಾಶಿಯೂ ಇರಲಿಲ್ಲ, ಅವರೂ ಇರಲಿಲ್ಲ. ನಮ್ಮಪ್ಪ ಕೊಡಿಸಿದ ಒಳ್ಳೇ ಚರ್ಮದ ಬೆಲ್ಟು ಅದು. ಇಡೀ ಸಂಜೆ ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡೇ ಕುಣಿದೆ.

ಮೊದಲು ದೆಹಲಿಯ ಪರಿಕ್ರಮ ಬ್ಯಾಂಡಿನವರು ಬಂದರು. ವಯಲಿನ್ ಇಟ್ಟುಕೊಂಡು ರಾಕ್ ನುಡಿಸುವವರು, ಚೆನ್ನಾಗಿತ್ತು. ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲೂ ನುಡಿಸಿ ಬಂದರು. ಆಮೇಲೆ ಮೇಡನ್‌ನ ಬಾಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಹಾಡಿದರು. ಆ ಹೊತ್ತಿನಲ್ಲಿ ನಾವು ನೀರು ಹುಡುಕುತ್ತಿದ್ದೆವು.

ಮೇಡನ್ ಬಂದಾಗ ಎದ್ದ ಧೂಳಿಗೆ ಮೊದಲ ಹಾಡು ಪೂರ್ತಿ ಕೆಮ್ಮಿದೆ. ನಮ್ಮ ಜಾಗದಿಂದ ಗಾಯಕ ಬ್ರೂಸ್ ಡಿಕಿನ್ಸನ್ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಆದರೆ ಆ ಮನುಷ್ಯ ಒಂದು ಕಡೆ ನಿಲ್ಲಲ್ಲ, ಓಡ್ತಾನೇ ಇರ್ತಾರೆ. ‘ದ ಟ್ರೂಪರ್’ ಬಂತು. 1854ರ ಬಾಲಕ್ಲಾವ ಯುದ್ಧದಲ್ಲಿ ಬ್ರಿಟಿಷ್ ಕುದುರೆ ಪಡೆ ರಷ್ಯನ್ನರ ಫಿರಂಗಿಗಳಿಗೆ ಎದೆಕೊಟ್ಟು ಸತ್ತ ಕಥೆ ಅದು. ಪ್ರತಿ ಊರಿನಲ್ಲೂ ಈ ಹಾಡಿಗೆ ಕೆಂಪು ಕೋಟು ತೊಟ್ಟು ಯೂನಿಯನ್ ಜ್ಯಾಕ್ ಬಾವುಟ ಬೀಸೋದು ಡಿಕಿನ್ಸನ್ ಪದ್ಧತಿ. ಬ್ರಿಟಿಷರ ಹಳೇ ದಂಡು ಪ್ರದೇಶದಿಂದ ಕೂಗಳತೆಯ ಜಾಗದಲ್ಲಿ, ಮೈಸೂರು ಅರಸರ ಅರಮನೆ ಮೈದಾನದಲ್ಲಿ ಕೆಂಪು ಕೋಟಿನವನು ಬ್ರಿಟಿಷ್ ಬಾವುಟ ಬೀಸುತ್ತಾನೆ, ಸಾವಿರಾರು ಹುಡುಗರು ಕೈ ಎತ್ತಿ ಕೂಗ್ತಾರೆ! ಮಂಜನಿಗೆ ಇದು ಹಿಡಿಸಲಿಲ್ಲ, ಒಂದೆರಡು ನಿಮಿಷ ಕೈ ಕಟ್ಟಿ ನಿಂತ. ಗಿಟಾರ್ ಮತ್ತೆ ಏರಿದಾಗ ಅವನೂ ಕೈ ಎತ್ತಿದ.

‘ಫಿಯರ್ ಆಫ್ ದ ಡಾರ್ಕ್’ ಶುರುವಾದಾಗ ಆಗಿದ್ದನ್ನು ಹೇಳೋಕೆ ಸ್ವಲ್ಪ ಕಷ್ಟ. ಆ ಹಾಡಿನಲ್ಲಿ ಗಿಟಾರ್ ನುಡಿಸುವ ರಾಗವನ್ನು ಜನರೇ ಹಾಡಬೇಕು, ಮಾತಿಲ್ಲ, ಬರೀ ಓ ಓ ಓ. ಹೊರದೇಶದ ಲೈವ್ ರೆಕಾರ್ಡಿಂಗಿನಲ್ಲಿ ಅದನ್ನು ಕೇಳಿ ಕೇಳಿ, ಹಾಸ್ಟೆಲ್ ರೂಮಿನಲ್ಲಿ ನಾವು ಮೂವರೇ ಆ ಜನಸ್ತೋಮದ ಪಾತ್ರ ಮಾಡುತ್ತಿದ್ದೆವು. ಈಗ ಸುತ್ತಲಿನ ಅಷ್ಟೂ ಜನಕ್ಕೆ ಆ ರಾಗ ಗೊತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಎಲ್ಲರೂ ಯಾವುದೋ ಊರಿನ ಯಾವುದೋ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕಲಿತವರೇ. ಲೈಟರ್ ಗೇಟಿನಲ್ಲೇ ಹೋಗಿತ್ತಲ್ಲ, ನೋಕಿಯಾ 1100ರ ಟಾರ್ಚು ಮೇಲೆದ್ದವು. ಶಿಲ್ಲಾಂಗಿನವನು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ನನಗೆ ಅಳು ಬಂತು, ಧೂಳು ಅಂತ ಗಿರೀಶನಿಗೆ ಹೇಳಿದೆ. ಅವನ ಕಣ್ಣಲ್ಲೂ ಧೂಳು ಬಿದ್ದಿತ್ತು.

ಶೋ ಮುಗಿದಾಗ ಆಟೋದವರು ಕೇಳಿದ ರೇಟಿಗೆ ಊರಿಗೇ ಹೋಗಬಹುದಿತ್ತು. ಮೆಜೆಸ್ಟಿಕ್‌ಗೆ ನಡೆದೆವು. ದಾರಿಯಲ್ಲಿ ಒಂದು ಟೀ ಅಂಗಡಿ ಮುಂದೆ ಗುಂಪು, ಒಳಗೆ ಟಿ.ವಿ. ವಿಶ್ವಕಪ್ಪಿನಲ್ಲಿ ಅವತ್ತೇ ಬಾಂಗ್ಲಾದೇಶದ ಜೊತೆ ಮ್ಯಾಚು ಅನ್ನೋದು ಮೂವರಿಗೂ ಮರೆತೇಹೋಗಿತ್ತು. ಭಾರತ 191ಕ್ಕೆ ಆಲೌಟ್. ತಮೀಮ್ ಇಕ್ಬಾಲ್ ಅನ್ನೋ ಹುಡುಗ ಮುನ್ನುಗ್ಗಿ ಬಾರಿಸುತ್ತಿದ್ದ.

‘ದ್ರಾವಿಡ್ ಎಷ್ಟು ಹೊಡೆದ?’ ಅಂತ ಕೇಳೋಕೆ ಹೋದೆ, ಗಂಟಲಿಂದ ಗಾಳಿ ಮಾತ್ರ ಬಂತು.

‘ಹದಿನಾಲ್ಕು,’ ಅಂದ ಅಂಗಡಿಯವನು, ನಮ್ಮ ಅವತಾರ ನೋಡಿ. ‘ಎಲ್ಲಿಂದ್ ಬರ್ತಿದೀರಾ? ಯಾವ್ ಪಾರ್ಟಿ ಸಮಾವೇಶ?’

ಬೆಳಗ್ಗೆ ರೈಲು ಹತ್ತುವಾಗ ಐದು ವಿಕೆಟ್‌ಗಳಿಂದ ಸೋತ ಸುದ್ದಿ ಎಲ್ಲ ಕಡೆ ಇತ್ತು. ಡಬ್ಬಿಯ ತುಂಬ ಸಾವಿನ ಮನೆಯ ಮುಖಗಳು. ಅವರ ಮಧ್ಯೆ ನಾವು ಮೂವರು ಕೂತು, ಮೇಡನ್‌ಗೆ ಮೂರನೇ ಗಿಟಾರ್ ಬೇಕಾ ಬೇಡವಾ ಅಂತ ತುಮಕೂರಿನಿಂದ ಬೀರೂರಿನವರೆಗೆ ಪಿಸುದನಿಯಲ್ಲೇ ಜಗಳವಾಡಿದೆವು. ಹೊಸ ಆಲ್ಬಮ್ಮಿನ ಉದ್ದುದ್ದ ಹಾಡುಗಳು ಮೂರು ಗಿಟಾರ್ ಇಲ್ಲದೆ ಅಷ್ಟು ತುಂಬಿಕೊಂಡು ಬರಲ್ಲ ಅನ್ನೋದು ನನ್ನ ವಾದ. ಅವರ ಗಿಟಾರಿಸ್ಟ್ ಯಾನಿಕ್ ಗರ್ಸ್ ಗಿಟಾರ್ ಎಸೆದು ಹಿಡಿಯೋದು ಬಿಟ್ಟರೆ ಏನೂ ಮಾಡಲ್ಲ ಅನ್ನೋದು ಮಂಜನ ವಾದ. ಅವನು ಇವತ್ತಿಗೂ ಒಪ್ಪಿಲ್ಲ.